ಬಾಯಲ್ಲಿ ಕೊಟ್ಟ ವಾರಂಟಿ, ಬಾಯಲ್ಲೇ ಹೋದ ಕ್ಲೈಮು

ಈ ಪೋಸ್ಟ್ ಬಹಳ ತಡವಾಗಿ ಬರೀತಿದೀನಿ. ಕೇಸು ನಡೀತಿರುವಾಗ ಏನೂ ಬರೀಬೇಡಿ ಅಂದಿದ್ರು ವಕೀಲರು, ಈಗ ರಾಜಿ ಆಗಿ ಮುಗಿದಿದೆ, ಆ ರಾಜಿಯಲ್ಲಿ ಕಂಪನಿ ಹೆಸರು ಶೋರೂಂ ಹೆಸರು ಎಲ್ಲೂ ಹೇಳಲ್ಲ ಅಂತ ಒಪ್ಕೊಂಡು ಸೈನ್ ಹಾಕಿದೀನಿ. ಹಂಗಾಗಿ ಯಾವ ಕಾರು ಅಂತ ದಯವಿಟ್ಟು ಕೇಳ್ಬೇಡಿ. ನಂದು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಇರೋ ಪೆಟ್ರೋಲ್ ಕಾರು, 2019ರ ಜೂನ್‌ನಲ್ಲಿ ಹಾಸನದಲ್ಲಿ ತಗೊಂಡಿದ್ದು, ಇಷ್ಟು ಸಾಕು.

2023ರ ನವೆಂಬರ್, ದೀಪಾವಳಿ ಕಳೆದ ಮೇಲಿನ ಭಾನುವಾರ ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರ್ತಿದ್ವಿ, ಅಪ್ಪ ಅಮ್ಮ ಹೆಂಡತಿ ಮಗಳು ನಾನು. ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತೋಕೆ ಶುರು ಮಾಡಿದ್ರೆ ಮುಂದೆ ಸಾಲಾಗಿ ಬುಲೆಟ್ ಟ್ಯಾಂಕರ್‌ಗಳು, ಮಂಗಳೂರು ಕಡೆಯಿಂದ ಗ್ಯಾಸ್ ತುಂಬ್ಕೊಂಡು ಬರೋವು, ಎಲ್ಲಾ ಹೆಜ್ಜೆ ಹೆಜ್ಜೆ. ಕಾರು ಮೊದಲು ಸಣ್ಣಗೆ ನಡುಗೋಕೆ ಶುರುವಾಯ್ತು, ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕಿರುಚ್ತದೆ ಗಾಡಿ ಮುಂದಕ್ಕೆ ಹೋಗ್ತಿಲ್ಲ, ಆಮೇಲೆ ಡ್ಯಾಶ್‌ಬೋರ್ಡಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಅನ್ನೋ ವಾರ್ನಿಂಗ್ ಬಂತು, ಮಾರನಹಳ್ಳಿ ಹತ್ರ ಹತ್ರ ಬರೋವಷ್ಟರಲ್ಲಿ ಸುಟ್ಟ ವಾಸನೆ. ಪಕ್ಕಕ್ಕೆ ಹಾಕಿದೆ ನೋಡಿ, ಆಮೇಲೆ ಡಿನೂ ಬೀಳಲಿಲ್ಲ ರಿವರ್ಸೂ ಬೀಳಲಿಲ್ಲ. ಎಪ್ಪತ್ತೆರಡು ವರ್ಷದ ಅಪ್ಪ ಆ ಘಾಟ್ ರಸ್ತೆ ಬದಿಯಲ್ಲಿ ಮೂರು ಗಂಟೆ ಕಲ್ಲಿನ ಮೇಲೆ ಕೂತಿದ್ರು, ಪಕ್ಕದಲ್ಲೇ ಲಾರಿಗಳು ಹೊಗೆ ಬಿಟ್ಕೊಂಡು ಹೋಗ್ತಿದ್ವು. ಆ ಮೂರು ಗಂಟೆ ನಾನು ಎಲ್ಲರಿಗೂ ಸಮಾಧಾನ ಹೇಳಿದ್ದು ಒಂದೇ ಮಾತು, "ಏನೂ ಯೋಚನೆ ಮಾಡ್ಬೇಡಿ, ಎಕ್ಸ್‌ಟೆಂಡೆಡ್ ವಾರಂಟಿ ಇದೆ, ಒಂದು ರೂಪಾಯಿ ಖರ್ಚಿಲ್ಲ."

ಯಾಕಂದ್ರೆ ನಂಗೆ ಹಾಗಂತಲೇ ಹೇಳಿದ್ರು. ಕಾರು ಬುಕ್ ಮಾಡೋ ದಿನ ಸೇಲ್ಸ್‌ನವರು ಒಂದು ಹಾಳೆ ಮೇಲೆ ಆನ್ ರೋಡ್ ಲೆಕ್ಕ ಹಾಕಿದ್ರಲ್ಲ, ಅದರಲ್ಲಿ ಇನ್ಶೂರೆನ್ಸು, ರೋಡ್ ಟ್ಯಾಕ್ಸು, ಆಕ್ಸೆಸರಿ, ಫಾಸ್ಟ್‌ಟ್ಯಾಗ್ ಇವುಗಳ ಕೆಳಗೆ 27,400 ರೂಪಾಯಿ ಇ.ಡಬ್ಲ್ಯೂ ಅಂತ ಬರೆದಿದ್ರು. ಇದೇನು ಅಂದೆ. "ಎಕ್ಸ್‌ಟೆಂಡೆಡ್ ವಾರಂಟಿ ಸರ್, ಕಂಪನಿದು ಮೂರು ವರ್ಷ ಇರುತ್ತೆ, ಇದು ತಗೊಂಡ್ರೆ ಐದು ವರ್ಷ ನೀವು ತಲೆನೇ ಕೆಡಿಸ್ಕೊಳೋ ಹಾಗಿಲ್ಲ, ಬಂಪರ್ ಟು ಬಂಪರ್ ಕವರ್, ಆಟೋಮ್ಯಾಟಿಕ್ ಬೇರೆ ತಗೋತಿದೀರ, ಗೇರ್‌ಬಾಕ್ಸ್ ಒಂದೇ ಎರಡು ಲಕ್ಷ ಆಗುತ್ತೆ ಸರ್" ಅಂದ್ರು. ಅದೂ ಲೋನಲ್ಲೇ ಸೇರ್ತು, ಅಂದ್ರೆ ಆ 27,400ಕ್ಕೂ ಐದು ವರ್ಷ ಬಡ್ಡಿ ಕಟ್ಟಿದೀನಿ. ಡೆಲಿವರಿ ದಿನ ಕೈಗೆ ಬಂದಿದ್ದು ಒಂದು ಪುಟದ ಸರ್ಟಿಫಿಕೇಟು, ನನ್ನ ಹೆಸರು, ಚಾಸಿಸ್ ನಂಬರು, ಐದು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು, ಯಾವುದು ಮೊದಲೋ ಅದು. ಕೆಳಗಡೆ ತೀರಾ ಸಣ್ಣ ಅಕ್ಷರದಲ್ಲಿ ‘ಷರತ್ತುಗಳಿಗೆ ವಾರಂಟಿ ಪುಸ್ತಕ ನೋಡಿ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಆ ಪುಸ್ತಕ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮೇಷ್ಟ್ರು ನಾನು, ಮಕ್ಕಳಿಗೆ ಪ್ರಶ್ನೆಪತ್ರಿಕೆ ಎರಡೆರಡು ಸಲ ಓದಿ ಅಂತ ಹೇಳೋನು. ಇದು ಇವತ್ತಿಗೂ ನಂಗೆ ಬೇಜಾರಿದೆ.

ಸೋಮವಾರ ವರ್ಕ್‌ಶಾಪಿಗೆ ಹೋದೆ. ಜಾಬ್ ಕಾರ್ಡ್, ಅಂದ್ರೆ ಗಾಡಿದು ಏನು ತೊಂದರೆ ಏನು ಕೆಲಸ ಅಂತ ಬರೆಯೋ ಹಾಳೆ, ಮಾಡಿದ್ರು, ಓಡಿದ್ದು 61,300 ಕಿಲೋಮೀಟರ್, ವಾರಂಟಿ 2024ರ ಜೂನ್ ತನಕ ಇದೆ, ಎಲ್ಲಾ ಸರಿಯಾಗಿತ್ತು. ಸರ್ವೀಸ್ ಅಡ್ವೈಸರ್ ಹುಡುಗ ಒಳ್ಳೆಯವನೇ, "ಬಿಚ್ಚಿ ನೋಡ್ಬೇಕು ಸರ್, ಬಿಚ್ಚಿದ ಮೇಲೆ ಫೋಟೋ ತೆಗೆದು ಕಂಪನಿಗೆ ಕಳಿಸ್ತೀವಿ, ಅಪ್ರೂವಲ್ ಬಂದ್ರೆ ಕೆಲಸ ಶುರು" ಅಂದ. ಇನ್ನೊಂದು ಮಾತು ಹೇಳಿ ಸೈನ್ ಹಾಕಿಸ್ಕೊಂಡ, ಕ್ಲೈಮ್ ಆಗದೇ ಇದ್ರೆ ಗೇರ್‌ಬಾಕ್ಸ್ ಬಿಚ್ಚಿದ ಲೇಬರ್ ಚಾರ್ಜು ನಾವೇ ಕೊಡ್ಬೇಕು. ನಾನು ಆಗ್ಲಿ ಅಂದೆ.

ಇಲ್ಲಿ ಒಂದು ವಿಷಯ ಹೇಳ್ಬೇಕು, ನಂಗೆ ಆಗ ಗೊತ್ತಿರಲಿಲ್ಲ. ಕೌಂಟರಲ್ಲಿ ಕೂತಿರೋ ಅಡ್ವೈಸರ್‌ಗೆ ಹೂಂ ಅನ್ನೋ ಅಧಿಕಾರನೂ ಇಲ್ಲ ಊಹೂಂ ಅನ್ನೋ ಅಧಿಕಾರನೂ ಇಲ್ಲ. ವರ್ಕ್‌ಶಾಪಲ್ಲಿ ವಾರಂಟಿ ನೋಡ್ಕೊಳೋಕೆ ಅಂತ ಒಬ್ಬರು ಇರ್ತಾರೆ, ಅವರು ಫೋಟೋ ಮತ್ತೆ ವಿವರ ಸಿಸ್ಟಮ್‌ಗೆ ಹಾಕ್ತಾರೆ, ತೀರ್ಮಾನ ಆಗೋದು ಬೇರೆ ಎಲ್ಲೋ, ಕಂಪನಿಯ ಕಡೆಯವರು, ಕೆಲವು ಪ್ಲಾನ್‌ಗಳಲ್ಲಿ ಹಿಂದೆ ಒಂದು ಇನ್ಶೂರೆನ್ಸ್ ಕಂಪನಿನೂ ಇರುತ್ತೆ. ಆ ತೀರ್ಮಾನ ಮಾಡೋರು ನಿಮ್ಮ ಕಾರನ್ನ ಕಣ್ಣಲ್ಲಿ ನೋಡೋದೇ ಇಲ್ಲ, ವರ್ಕ್‌ಶಾಪ್‌ನವರು ಏನು ಬರೆದು ಯಾವ ಫೋಟೋ ಹಾಕಿದ್ರೋ ಅದನ್ನ ನೋಡ್ತಾರೆ ಅಷ್ಟೇ. ಹಂಗಾಗಿ ಆ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಜಾಬ್ ಕಾರ್ಡಲ್ಲಿ ಏನು ಬರೀತಾರೆ ಅನ್ನೋದೇ ಮುಖ್ಯ.

ನಾಲ್ಕನೇ ದಿನ ಫೋನ್ ಬಂತು. "ಸರ್ ಕ್ಲೈಮ್ ರಿಜೆಕ್ಟ್ ಆಗಿದೆ."

ಯಾಕೆ ಅಂದೆ. "ಕ್ಲಚ್ ಪ್ಲೇಟ್ ಸುಟ್ಟಿದೆ ಸರ್, ಕ್ಲಚ್ಚು ವೇರ್ ಅಂಡ್ ಟೇರ್ ಐಟಂ, ಅದು ವಾರಂಟೀಲಿ ಬರಲ್ಲ." ಎಸ್ಟಿಮೇಟ್ ವಾಟ್ಸಾಪಿಗೆ ಬಂತು, ಬಿಡಿಭಾಗ 84,000, ಅದಕ್ಕೆ ಆಗಿನ 28 ಪರ್ಸೆಂಟ್ ಜಿಎಸ್‌ಟಿ 23,520, ಲೇಬರ್ 18,000, ಅದಕ್ಕೆ 18 ಪರ್ಸೆಂಟ್ 3,240. ಒಟ್ಟು 1,28,760 ರೂಪಾಯಿ. ನಾನು ಸ್ಟಾಫ್ ರೂಮಲ್ಲಿ ಫೋನ್ ಹಿಡ್ಕೊಂಡು ಸುಮ್ನೆ ಕೂತಿದ್ದೆ, ಮುಂದಿನ ಪೀರಿಯಡ್ ಬೆಲ್ ಆಗಿದ್ದೂ ಗೊತ್ತಾಗಲಿಲ್ಲ.

ಅವತ್ತು ಸಂಜೆ ನಮ್ಮೂರಿನ ಗ್ಯಾರೇಜ್ ಮೇಸ್ತ್ರಿ ಹತ್ರ ಹೋದೆ, ನಮ್ಮಪ್ಪನ ಹಳೇ ಅಂಬಾಸಿಡರ್ ಕಾಲದಿಂದ ಅವರೇ ನಮಗೆ ಎಲ್ಲಾ. ಎಲ್ಲಾ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದ್ರು, "ಮೇಷ್ಟ್ರೇ, ಪ್ಲೇಟ್ ಒಣಗಿ ಸುಟ್ಟಿದ್ಯೋ, ಆಯಿಲ್ ಕುಡಿದು ಸುಟ್ಟಿದ್ಯೋ?" ನಂಗೆ ಅರ್ಥ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದ್ರು, ಈ ತರದ ಗೇರ್‌ಬಾಕ್ಸಲ್ಲಿ ಎರಡು ಕ್ಲಚ್ ಇರ್ತವೆ, ಒಂದು 1-3-5 ಗೇರಿಗೆ ಇನ್ನೊಂದು 2-4-6ಕ್ಕೆ, ನನ್ನ ಕಾರಲ್ಲಿರೋದು ಡ್ರೈ ಟೈಪು, ಅಂದ್ರೆ ಕ್ಲಚ್ಚಿಗೆ ಆಯಿಲ್ ತಾಗಲೇಬಾರದು. ಹಿಂದೆ ಗೇರ್‌ಬಾಕ್ಸಲ್ಲಿ ಆಯಿಲ್ ಇರುತ್ತೆ, ಅದು ಮುಂದಕ್ಕೆ ಬರದ ಹಾಗೆ ಶಾಫ್ಟಿಗೆ ಒಂದು ರಬ್ಬರ್ ಆಯಿಲ್ ಸೀಲ್ ಇರುತ್ತೆ, ಆ ಸೀಲ್ ಹರಿದ್ರೆ ಆಯಿಲ್ ಬಂದು ಕ್ಲಚ್ ಪ್ಲೇಟ್ ಕುಡಿಯುತ್ತೆ, ಆಮೇಲೆ ಪ್ಲೇಟ್ ಜಾರೋಕೆ ಶುರು, ಜಾರಿದ್ರೆ ಬಿಸಿ, ಬಿಸಿ ಆದ್ರೆ ಸುಡ್ತದೆ. "ಸುಮ್ನೆ ಸವೆದು ಹೋಗಿದ್ರೆ ಅವರು ಹೇಳಿದ್ದು ನ್ಯಾಯ. ಸೀಲ್ ಹೋಗಿ ಸುಟ್ಟಿದ್ರೆ ಅದು ಸವೆತ ಹೆಂಗಾಗುತ್ತೆ? ನಾಳೆ ಹೋಗಿ ಬೆಲ್ ಹೌಸಿಂಗ್, ಅಂದ್ರೆ ಕ್ಲಚ್ ಕೂತಿರೋ ಗೂಡು, ಅದರೊಳಗೆ ಕೈಯಾಡಿಸಿ ನೋಡಿ, ಜಿಡ್ಡಿದ್ರೆ ಫೋಟೋ ತಗೊಳ್ಳಿ" ಅಂದ್ರು.

ಮಾರನೇ ದಿನ ರಜೆ ಹಾಕಿ ಹೋದೆ. ಗಾಡಿ ಹತ್ರ ಬಿಡೋಕೆ ಮೊದಲು ಒಪ್ಪಲಿಲ್ಲ, ಇನ್ಶೂರೆನ್ಸ್ ನಿಯಮ ಕಸ್ಟಮರ್ಸ್ ಒಳಗೆ ಬರಂಗಿಲ್ಲ ಅಂದ್ರು, ನನ್ನ ಗಾಡಿ ನಾನು ನೋಡ್ಬೇಕು ಅಂತ ಕೂತೆ, ಒಂದು ಗಂಟೆ ಆದ್ಮೇಲೆ ಬಿಟ್ರು. ಹೌಸಿಂಗ್ ಒಳಗೆಲ್ಲಾ ಕಪ್ಪು ಜಿಡ್ಡು, ಬೆರಳಿಗೆ ಹತ್ತಿದ್ದು ಒರೆಸಿದ್ರೂ ಹೋಗಲಿಲ್ಲ. ಹನ್ನೆರಡು ಫೋಟೋ ಒಂದು ವಿಡಿಯೋ ತಗೊಂಡೆ. ಅಲ್ಲಿ ಕೆಲಸ ಮಾಡ್ತಿದ್ದ ಟೆಕ್ನಿಷಿಯನ್ ಜಾಬ್ ಕಾರ್ಡಿನ ಹಿಂದೆ ಪೆನ್ಸಿಲಲ್ಲಿ ಮೊದಲೇ ಬರೆದಿಟ್ಟಿದ್ದ, ‘ಕ್ಲಚ್ ಹೌಸಿಂಗಲ್ಲಿ ಆಯಿಲ್ ಕಂಡಿದೆ’ ಅಂತ. ಕಂಪನಿಗೆ ಕಳಿಸಿದ ವಿವರದಲ್ಲಿ ಆ ಸಾಲು ಇರಲಿಲ್ಲ! ಬರೀ ಸುಟ್ಟ ಪ್ಲೇಟಿನ ಫೋಟೋ ಹೋಗಿತ್ತು. ಆ ಪೆನ್ಸಿಲ್ ಸಾಲಿಗೂ ಫೋಟೋ ತಗೊಂಡೆ, ಕೊನೆಗೆ ನನ್ನನ್ನ ಉಳಿಸಿದ್ದು ಅದೇ.

ಇದನ್ನ ತೋರಿಸಿ ಮತ್ತೆ ಕಳಿಸಿ ಅಂದೆ. ಕಳಿಸಿದ್ರಂತೆ. ಒಂದು ವಾರ ಬಿಟ್ಟು ಮತ್ತೆ ಫೋನಲ್ಲೇ ರಿಜೆಕ್ಟು, ಈ ಸಲ ಕಾರಣನೇ ಬೇರೆ. 2021ರ ಸರ್ವೀಸ್ ನೀವು 28 ದಿನ ಲೇಟಾಗಿ ಮಾಡಿಸಿದೀರ, ಸರ್ವೀಸ್ ತಪ್ಪಿದ್ರೆ ವಾರಂಟಿ ಇಲ್ಲ. ನಾನು ತಾರೀಖು ನೋಡಿದೆ, ಸರ್ವೀಸ್ ಆಗ್ಬೇಕಿದ್ದಿದ್ದು 2021ರ ಜೂನ್ 11, ಆಗಿದ್ದು ಜುಲೈ 9. ಆ ಜೂನ್ ನಿಮಗೆ ನೆನಪಿದ್ಯಾ? ಎರಡನೇ ಅಲೆ. ರಾಜ್ಯದಲ್ಲಿ ಬೇರೆ ಕಡೆ ಜೂನ್ 14ಕ್ಕೆ ಸಡಿಲ ಮಾಡಿದ್ರೂ ಹಾಸನ, ಮೈಸೂರು, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲಾ ಸೇರಿ 11 ಜಿಲ್ಲೆಗಳಲ್ಲಿ ಇನ್ನೊಂದು ವಾರ ಲಾಕ್‌ಡೌನ್ ಮುಂದುವರಿಸಿದ್ರು. ನಮ್ಮ ಬೀದಿಯಲ್ಲಿ ಆ ತಿಂಗಳು ಎರಡು ಸಾವಾಗಿತ್ತು, ಕಾರು ಸರ್ವೀಸ್ ಯಾರಿಗೆ ನೆನಪಿರುತ್ತೆ. ಆ ಟೈಮಲ್ಲಿ ಹೆಚ್ಚು ಕಮ್ಮಿ ಎಲ್ಲಾ ಕಾರು ಕಂಪನಿಗಳೂ ಫ್ರೀ ಸರ್ವೀಸ್ ಮತ್ತೆ ವಾರಂಟಿ ಅವಧಿ ಮುಂದಕ್ಕೆ ಹಾಕಿದೀವಿ ಅಂತ ಪ್ರಕಟಣೆ ಕೊಟ್ಟಿದ್ವು, ಪೇಪರಲ್ಲೂ ಬಂದಿತ್ತು, ನಮ್ಮ ಕಂಪನಿದೂ ಇತ್ತು. ಹುಡುಕಿ ಪ್ರಿಂಟ್ ತೆಗೆದು ಕೊಟ್ಟೆ.

ಮೂರನೇ ಸಲ ಏನಂದ್ರು ಗೊತ್ತಾ, ಗೇರ್‌ಬಾಕ್ಸ್ ಒಳಗೆ ನೀರು ಹೋಗಿರೋ ಸಾಧ್ಯತೆ ಇದೆ. ಹೊರಗಿನ ಕಾರಣ, ವಾರಂಟಿಗೆ ಬರಲ್ಲ.

ಮೂರು ಸಲ ಮೂರು ಕಾರಣ, ಮೂರೂ ಫೋನಲ್ಲಿ. ಆ ರಾತ್ರಿ ನಿದ್ದೆ ಬರ್ದೆ ಯೋಚನೆ ಮಾಡ್ತಾ ಇದ್ದಾಗ ಹೊಳೆದಿದ್ದು ಇದು, ಮಾರೋವಾಗಲೂ ಬಾಯಲ್ಲೇ ಎಲ್ಲಾ ಬರುತ್ತೆ ಅಂದ್ರು, ಈಗಲೂ ಬಾಯಲ್ಲೇ ಏನೂ ಬರಲ್ಲ ಅಂತಿದಾರೆ, ಎರಡಕ್ಕೂ ನನ್ನ ಕೈಯಲ್ಲಿ ಒಂದು ಚೂರು ಕಾಗದ ಇಲ್ಲ. ಬಾಯಲ್ಲಿ ಹೇಳಿದ ಕಾರಣ ನಾಳೆ ಬದಲಾಯಿಸಬಹುದು, ಒಂದು ಸುಳ್ಳಾದ್ರೆ ಇನ್ನೊಂದು. ಕಾಗದದಲ್ಲಿ ಬರೆದು ಸೈನ್ ಹಾಕಿದ ಮೇಲೆ ಹಂಗೆ ಮಾಡೋಕಾಗಲ್ಲ.

ಬೆಳಿಗ್ಗೆ ಎದ್ದು ಇಮೇಲ್ ಹಾಕಿದೆ, ಶೋರೂಂಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಇಬ್ಬರಿಗೂ ಸೇರಿಸಿ. ಎರಡೇ ಕೇಳಿದ್ದು. ಒಂದು, ನನ್ನ ವಾರಂಟಿಯ ಪೂರ್ತಿ ಷರತ್ತಿನ ಪ್ರತಿ ಕೊಡಿ. ಎರಡು, ಕ್ಲೈಮ್ ಯಾವ ಷರತ್ತಿನ ಯಾವ ನಂಬರಿನ ಪ್ರಕಾರ ತಿರಸ್ಕಾರ ಆಗಿದೆ, ಯಾರು ಪರೀಕ್ಷೆ ಮಾಡಿದ್ರು, ಯಾವ ತಾರೀಖು, ಬರವಣಿಗೆಯಲ್ಲಿ ಕೊಡಿ. ಕನ್ನಡದಲ್ಲೇ ಬರೆದೆ, ಕೆಳಗೆ ಇಂಗ್ಲಿಷಲ್ಲೂ ಹಾಕಿದೆ. ಹತ್ತು ದಿನ ಉತ್ತರ ಇಲ್ಲ. ಬದಲಿಗೆ ವರ್ಕ್‌ಶಾಪಿಂದ ಫೋನು, ಗಾಡಿ ತಗೊಂಡು ಹೋಗಿ ಇಲ್ಲಾಂದ್ರೆ ದಿನಕ್ಕೆ 500 ರೂಪಾಯಿ ಪಾರ್ಕಿಂಗ್ ಚಾರ್ಜ್ ಹಾಕ್ತೀವಿ ಅಂತ. ಅದನ್ನೂ ಇಮೇಲಲ್ಲಿ ಬರೆದು ಕಳಿಸಿ ಅಂದೆ, ಕಳಿಸಲಿಲ್ಲ, ಆ ಚಾರ್ಜೂ ಹಾಕಲಿಲ್ಲ. ಎರಡು ಸಲ ನೆನಪೋಲೆ ಹಾಕಿದ ಮೇಲೆ ಉತ್ತರ ಬಂತು, 14 ಪುಟದ ಪಿಡಿಎಫು, ಜೊತೆಗೆ ನಾಲ್ಕು ಸಾಲಿನ ಇಮೇಲು, ಅದರಲ್ಲಿ ನೀರೂ ಇಲ್ಲ ಸರ್ವೀಸ್ ಲೇಟೂ ಇಲ್ಲ, ಬರೀ ‘ಕ್ಲಚ್ ಸವೆಯುವ ಭಾಗ’ ಅನ್ನೋದಷ್ಟೇ.

ನೀರಿನ ಕತೆ ಬರವಣಿಗೆಯಲ್ಲಿ ಕೇಳಿದ ಕೂಡಲೇ ಮಾಯ ಆಗೋಯ್ತು ನೋಡಿ. ಬೇರೆ ಏನೂ ಮಾಡೋಕಾಗದಿದ್ರೂ ಇದೊಂದು ಮಾಡಿ.

ಆ 14 ಪುಟ ಮೂರು ದಿನ ಕೂತು ಓದಿದೆ, ಡಿಕ್ಷನರಿ ಪಕ್ಕದಲ್ಲಿಟ್ಕೊಂಡು. ಬಂಪರ್ ಟು ಬಂಪರ್ ಅನ್ನೋ ಪದ ಒಂದು ಕಡೆನೂ ಇಲ್ಲ. ಕವರ್ ಆಗದೇ ಇರೋ ಪಟ್ಟಿಯಲ್ಲಿ ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಬ್ಯಾಟರಿ, ಟೈರು, ವೈಪರ್ ಬ್ಲೇಡು, ಬಲ್ಬು, ರಬ್ಬರ್ ಬುಶ್‌ಗಳು, ಸೀಟ್ ಬಟ್ಟೆ, ಬಣ್ಣ, ಎಲ್ಲಾ ಇದೆ, ಅದು ತಪ್ಪಂತ ನಾನು ಹೇಳಲ್ಲ, ಓಡಿಸಿದ್ರೆ ಸವೆಯೋ ಸಾಮಾನಿಗೆ ಯಾರು ವಾರಂಟಿ ಕೊಡ್ತಾರೆ. ಇಲಿ ಕಡಿದ ವೈರಿಂಗ್ ಇಲ್ಲ, ಮಳೆನೀರಲ್ಲಿ ಓಡಿಸಿ ಇಂಜಿನ್ ಒಳಗೆ ನೀರು ಹೋದ್ರೆ ಇಲ್ಲ, ಕಲಬೆರಕೆ ಇಂಧನದಿಂದ ಇಂಜೆಕ್ಟರ್ ಹೋದ್ರೆ ಇಲ್ಲ. ಆದ್ರೆ ಕವರ್ ಆಗೋ ಪಟ್ಟಿಯಲ್ಲಿ ಆರನೇ ಪುಟದಲ್ಲಿ ಗೇರ್‌ಬಾಕ್ಸಿನ ಶಾಫ್ಟು, ಬೇರಿಂಗು, ಒಳಗಿನ ಆಯಿಲ್ ಸೀಲ್‌ಗಳು ಅಂತ ಸ್ಪಷ್ಟವಾಗಿದೆ. ಒಂಬತ್ತನೇ ಪುಟದಲ್ಲಿ ಇನ್ನೊಂದು ಸಾಲು, ಕವರ್ ಆಗೋ ಭಾಗ ಕೆಟ್ಟು ಅದರಿಂದ ನೇರವಾಗಿ ಬೇರೆ ಭಾಗ ಹಾಳಾದ್ರೆ ಅದನ್ನೂ ಕೊಡ್ತೀವಿ. ಅಂದ್ರೆ ಸೀಲ್ ಹೋಗಿ ಕ್ಲಚ್ ಸುಟ್ಟಿದ್ರೆ ಎರಡೂ ಅವರದ್ದೇ! ಈ ಸಾಲು ಎಲ್ಲಾ ಕಂಪನಿಯ ಷರತ್ತಲ್ಲೂ ಇರಲ್ಲ, ಕೆಲವರು ಉಲ್ಟಾ ಬರೆದಿರ್ತಾರೆ, ಪಕ್ಕದ ಭಾಗ ಹಾಳಾದ್ರೆ ನಾವು ಜವಾಬ್ದಾರರಲ್ಲ ಅಂತ. ಅದಕ್ಕೇ ನಿಮ್ಮದು ನೀವೇ ಓದ್ಬೇಕು.

ತುಮಕೂರಲ್ಲಿರೋ ನಮ್ಮ ಭಾವನ ಕತೆ ಇನ್ನೂ ಕಷ್ಟದ್ದು. ಅವರದ್ದು ಎ.ಸಿ ಕಂಪ್ರೆಸರ್ ಹೋಯ್ತು ನಾಲ್ಕನೇ ವರ್ಷದಲ್ಲಿ, ಬೇರೆ ಊರಲ್ಲಿದ್ರು ಅಂತ ಅಲ್ಲಿನ ಅದೇ ಕಂಪನಿ ವರ್ಕ್‌ಶಾಪಿಗೆ ಹೋದ್ರೆ ಸಿಸ್ಟಮಲ್ಲಿ ನಿಮ್ಮ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿನೇ ಇಲ್ಲ ಅಂದ್ರು. ಸರ್ಟಿಫಿಕೇಟ್ ತೆಗೆದು ನೋಡಿದ್ರೆ ಮೇಲೆ ಕಾರು ಕಂಪನಿಯ ಬಣ್ಣ, ಅದೇ ತರದ ಡಿಸೈನು, ಆದ್ರೆ ಕೊಟ್ಟಿರೋರು ಶೋರೂಂನವರು, ಅವರದ್ದೇ ಸ್ವಂತ ಪ್ಲಾನು. ಕಾರು ಕಂಪನಿಗೂ ಅದಕ್ಕೂ ಸಂಬಂಧನೇ ಇಲ್ಲ. ಆ ಶೋರೂಂ ಅಷ್ಟರಲ್ಲಿ ಡೀಲರ್‌ಶಿಪ್ ಬಿಟ್ಟು ಬೇರೆ ಬ್ರಾಂಡ್ ಹಾಕ್ಕೊಂಡಿದ್ರು. ಭಾವ ಕೈಯಿಂದ ದುಡ್ಡು ಹಾಕಿ ಮಾಡಿಸ್ಕೊಂಡ್ರು, ನಂಗೆ ಕೋರ್ಟು ಕಚೇರಿ ಆಗಲ್ಲ ಕಣೋ ಅಂದ್ಬಿಟ್ರು. ಸುಪ್ರೀಂ ಕೋರ್ಟ್ 2021ರಲ್ಲಿ ಗೋವಾದ ಒಂದು ಕೇಸಲ್ಲಿ ಹೇಳಿರೋದನ್ನ ನಮ್ಮ ವಕೀಲರು ಆಮೇಲೆ ತೋರಿಸಿದ್ರು, ಡೀಲರ್ ಹಳೇ ಮಾಡಲ್ ಕಾರನ್ನ ಹೊಸದು ಅಂತ ಮಾರಿದ್ದ ಕೇಸದು, ಕಂಪನಿಗೆ ಗೊತ್ತಿತ್ತು ಅನ್ನೋದು ಸಾಬೀತಾಗದೆ ಡೀಲರ್ ತಪ್ಪಿಗೆ ಕಂಪನಿನ ಹೊಣೆ ಮಾಡೋಕಾಗಲ್ಲ ಅಂತ ತೀರ್ಪಾಯ್ತು. ಹಂಗಾಗಿ ವಾರಂಟಿ ತಗೊಳೋವಾಗಲೇ ರಸೀದಿ ಯಾರ ಹೆಸರಲ್ಲಿದೆ, ಯಾವ ಊರಲ್ಲಿ ಹೋದ್ರೂ ನಡಿಯುತ್ತಾ, ಕಂಪನಿ ಕಸ್ಟಮರ್ ಕೇರ್‌ಗೆ ಚಾಸಿಸ್ ನಂಬರ್ ಕೊಟ್ರೆ ಅವರ ದಾಖಲೆಯಲ್ಲಿ ತೋರಿಸುತ್ತಾ, ಇದನ್ನ ಫೋನ್ ಮಾಡಿ ಕೇಳಿ. ಐದು ನಿಮಿಷದ ಕೆಲಸ.

ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ರು, ಹಳೇ ಓನರ್ ವಾರಂಟಿ ಇನ್ನೂ ಒಂದೂವರೆ ವರ್ಷ ಇದೆ ಅಂತ ಅದಕ್ಕೇ ಸ್ವಲ್ಪ ಜಾಸ್ತಿ ಇಸ್ಕೊಂಡಿದ್ರಂತೆ. ಆರ್.ಸಿ ಹೆಸರು ಬದಲಾಯಿಸಿದ್ರು, ಇನ್ಶೂರೆನ್ಸ್ ಬದಲಾಯಿಸಿದ್ರು, ವಾರಂಟಿನೂ ಹೆಸರು ಬದಲಾಯಿಸಿ ಟ್ರಾನ್ಸ್‌ಫರ್ ಮಾಡಿಸ್ಬೇಕು ಅಂತ ಯಾರೂ ಹೇಳಲಿಲ್ಲ. ಸ್ಟೀರಿಂಗ್ ಮೋಟರ್ ಕೆಟ್ಟಾಗ ಗೊತ್ತಾಗಿದ್ದು.

ಇನ್ನು ಹೊರಗೆ ರಿಪೇರಿ ಮಾಡಿಸಿದ್ರೆ ವಾರಂಟಿ ಹೋಯ್ತು ಅನ್ನೋ ಮಾತು. ಇದು ನಾನು ಎಲ್ಲಾ ವರ್ಕ್‌ಶಾಪಲ್ಲೂ ಕೇಳಿದೀನಿ, ನೀವೂ ಕೇಳಿರ್ತೀರ. ಹೊರಗೆ ಒಂದು ಹಾರ್ನ್ ಹಾಕಿಸಿದ್ರಿ, ಇಂಜಿನ್ ವಾರಂಟಿ ಕ್ಯಾನ್ಸಲ್. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ, ಸಿಸಿಐ ಅಂತಾರಲ್ಲ ಅದು, 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿಗೂ ಜಾಸ್ತಿ ದಂಡ ಹಾಕ್ತು, ಬಿಡಿಭಾಗ ಮತ್ತೆ ರಿಪೇರಿ ಮಾಹಿತಿನ ಹೊರಗಿನ ಗ್ಯಾರೇಜಿಗೆ ಕೊಡದೆ ತಮ್ಮ ಹತ್ರನೇ ಇಟ್ಕೊಂಡಿದಾರೆ ಅಂತ. ಆ ಆದೇಶದಲ್ಲೇ ಇನ್ನೊಂದು ನಿರ್ದೇಶನ ಇದೆ, ಸ್ವತಂತ್ರ ಗ್ಯಾರೇಜಲ್ಲಿ ಕೆಲಸ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಷರತ್ತು ಹಾಕೋ ಹಾಗಿಲ್ಲ, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿ ಆಗಿದ್ಯೋ ಅಷ್ಟಕ್ಕೆ ಮಾತ್ರ ರದ್ದು ಮಾಡ್ಬಹುದು ಅಂತ. ಕಂಪನಿಗಳು ಮೇಲ್ಮನವಿಗೆ ಹೋದ್ರು, ದಂಡದ ಲೆಕ್ಕ ಬದಲಾಯ್ತು, ಅದೆಲ್ಲಾ ಬೇರೆ ಕತೆ, ಆದ್ರೆ ನ್ಯಾಯ ಯಾವ ಕಡೆ ಇದೆ ಅನ್ನೋದಕ್ಕೆ ಆ ಸಾಲು ಸಾಕು. ಹಾರ್ನಿಂದ ಗೇರ್‌ಬಾಕ್ಸ್ ಹೆಂಗೆ ಕೆಡ್ತು ಅಂತ ತೋರಿಸ್ಬೇಕಾದ್ದು ಅವರು. ಅಮೆರಿಕದಲ್ಲಿ ಇದಕ್ಕೆ 1975ರಿಂದಲೇ ಒಂದು ಕಾನೂನಿದೆ, ಮ್ಯಾಗ್ನಸನ್ ಮಾಸ್ ಕಾಯ್ದೆ ಅಂತ. ಆದ್ರೆ ಅಲ್ಲೂ ಜನಕ್ಕೆ ನೆಮ್ಮದಿ ಇಲ್ಲ, ಅಲ್ಲಿರೋ ನನ್ನ ಹಳೇ ವಿದ್ಯಾರ್ಥಿ ಒಬ್ಬ ಹೇಳ್ತಿದ್ದ, ಕಾರ್ ವಾರಂಟಿ ಮುಗೀತಿದೆ ಅಂತ ದಿನಾ ಕಾಲ್ ಬರುತ್ತಂತೆ. 2024ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಕಾರ್‌ಶೀಲ್ಡ್ ಅನ್ನೋ, ವಾರಂಟಿ ತರದ ಪ್ಲಾನ್ ಮಾರೋ ಕಂಪನಿ ಜಾಹೀರಾತಲ್ಲಿ ಜನರ ದಾರಿ ತಪ್ಪಿಸಿದೆ ಅಂತ ಆರೋಪ ಹೊರಿಸಿದ್ದಕ್ಕೆ ಆ ಕಂಪನಿ ಒಂದು ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡ್ಕೊಂಡಿದೆ.

ಸರಿ ನನ್ನ ವಿಷಯಕ್ಕೆ ಬರ್ತೀನಿ. ಗಾಡಿ ನಿಂತು ಒಂದೂವರೆ ತಿಂಗಳಾಗಿತ್ತು, ಅಮ್ಮನ್ನ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಟ್ಯಾಕ್ಸಿಲಿ ಕರ್ಕೊಂಡು ಹೋಗ್ತಿದ್ವಿ. ಇನ್ನು ಕಾಯೋಕಾಗಲ್ಲ ಅಂತ 1,28,760 ಕಟ್ಟಿ ರಿಪೇರಿ ಮಾಡಿಸ್ದೆ. ಕಟ್ಟೋವಾಗ ವಕೀಲರು ಹೇಳಿಕೊಟ್ಟ ಹಾಗೆ ಎರಡು ಕೆಲಸ ಮಾಡ್ದೆ. ಬಿಲ್ಲಿನ ಮೇಲೆ ನನ್ನ ಕೈಯಾರೆ ‘ವಾರಂಟಿ ತಿರಸ್ಕಾರಕ್ಕೆ ನನ್ನ ವಿರೋಧ ಇದೆ, ಗಾಡಿ ಅಗತ್ಯ ಇರೋದ್ರಿಂದ ಕಟ್ಟುತ್ತಿದ್ದೇನೆ, ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ’ ಅಂತ ಬರೆದು ಸೈನ್ ಹಾಕಿ ಅದರ ಫೋಟೋ ತಗೊಂಡೆ. ಆಮೇಲೆ ಬಿಚ್ಚಿದ ಹಳೇ ಭಾಗ ಎಲ್ಲಾ ವಾಪಸ್ ಇಸ್ಕೊಂಡೆ. ದುಡ್ಡು ನಾವು ಕೊಟ್ಟ ಮೇಲೆ ಹಳೇ ಸಾಮಾನು ನಮ್ದೇ ಅಲ್ವಾ, ಅವರು ಗುಜರಿಗೆ ಹೋಯ್ತು ಅಂತ ಮೊದಲು ಹೇಳಿದ್ರು, ಆಮೇಲೆ ಒಂದು ಗೋಣಿಚೀಲದಲ್ಲಿ ಹಾಕಿ ಕೊಟ್ರು. ಮೇಸ್ತ್ರಿ ಅದನ್ನೆಲ್ಲಾ ಪೇಪರ್ ಹಾಸಿ ಹರಡಿ ಸೀಲನ್ನ ಬೆಳಕಿಗೆ ಹಿಡಿದ್ರು, ಒಳಗಿನ ತುಟಿ ಒಂದು ಕಡೆ ಕಾಲಿಂಚಷ್ಟು ಹರಿದಿತ್ತು. "ನೋಡಿ ಮೇಷ್ಟ್ರೇ ನಿಮ್ಮ ಒಂದೂ ಕಾಲು ಲಕ್ಷ" ಅಂದ್ರು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ, ಕನ್ನಡದಲ್ಲೇ ಮಾತಾಡಿದ್ರು. ಮೂರು ವಾರದಲ್ಲಿ ಕಂಪನಿಯಿಂದ ಉತ್ತರ ಬಂತು, ಕಸ್ಟಮರ್ ತೃಪ್ತಿಗೋಸ್ಕರ ಗುಡ್‌ವಿಲ್ ಅಂತ ಬಿಡಿಭಾಗದ ಬೆಲೆಯಲ್ಲಿ 30 ಪರ್ಸೆಂಟ್, 25,200 ರೂಪಾಯಿ ಕೊಡ್ತೀವಿ, ಆದ್ರೆ ಇನ್ನೇನೂ ಕೇಳಲ್ಲ ಅಂತ ಬರ್ಕೊಡಿ. ಮನೇಲಿ ಎಲ್ಲರೂ ತಗೊಂಡು ಬಿಡು ಅಂದ್ರು, ಹೆಂಡತಿ ಮಾತ್ರ, "ಅವರದ್ದು ತಪ್ಪಿಲ್ಲ ಅಂದ್ರೆ ಯಾಕೆ ಕೊಡ್ತಿದಾರೆ? ತಪ್ಪಿದ್ರೆ ಪೂರ್ತಿ ಯಾಕೆ ಕೊಡ್ತಿಲ್ಲ?" ಅಂದ್ಲು. ಇದಕ್ಕಿಂತ ಸರಿಯಾದ ಮಾತು ಆ ಕೇಸಲ್ಲಿ ಯಾರೂ ಆಡಿಲ್ಲ.

2024ರ ಫೆಬ್ರವರಿಯಲ್ಲಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ವಿ. ಇದರ ಬಗ್ಗೆ ಜನಕ್ಕೆ ತುಂಬಾ ಭಯ ಇದೆ, ಅದಕ್ಕೆ ಸ್ವಲ್ಪ ಬರೀತೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ, ಅದರ ಪ್ರಕಾರ ನೀವು ವಾಸ ಇರೋ ಊರಲ್ಲೇ ದೂರು ಹಾಕ್ಬಹುದು, ಕಾರು ಬೆಂಗಳೂರಲ್ಲಿ ತಗೊಂಡಿದ್ರೂ ಬೀದರ್‌ನಲ್ಲಿ ಮನೆ ಇದ್ರೆ ಬೀದರ್‌ನಲ್ಲೇ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಹಾಕ್ಬೇಕು. ನೀವು ಕೊಟ್ಟ ಬೆಲೆ 5 ಲಕ್ಷದ ತನಕ ಆದ್ರೆ ಫೀಸೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ವಕೀಲರು ಇಲ್ಲದೆ ನಾವೇ ವಾದ ಮಾಡ್ಬಹುದು, ಆನ್‌ಲೈನಲ್ಲೂ ದೂರು ಹಾಕ್ಬಹುದು, ಮೊದಲು ಇ-ದಾಖಿಲ್ ಅಂತಿತ್ತು ಈಗ ಇ-ಜಾಗೃತಿ ಅಂತ ಬಂದಿದೆ. ಕಾನೂನಲ್ಲಿ ಮೂರು ತಿಂಗಳು, ಲ್ಯಾಬ್ ಪರೀಕ್ಷೆ ಬೇಕಾದ್ರೆ ಐದು ತಿಂಗಳು ಅಂತಿದೆ, ನಿಜದಲ್ಲಿ ಅಷ್ಟು ಬೇಗ ಆಗಲ್ಲ, ತಾರೀಖು ಮೇಲೆ ತಾರೀಖು ಬೀಳ್ತದೆ, ಇದನ್ನ ಮುಚ್ಚಿಟ್ಟು ಹೇಳೋದು ಸರಿಯಲ್ಲ. ಇನ್ನೊಂದು, ಹೊಸ ಕಾರೇ ಕೊಡಿ ಅಂತ ಕೇಳೋಕೆ ಹೋಗ್ಬೇಡಿ. ವಾರಂಟಿಯಲ್ಲಿ ಭಾಗ ಬದಲಾಯಿಸ್ತೀವಿ ಅಂತಿದ್ರೆ ಭಾಗ ಮಾತ್ರ, ಪೂರ್ತಿ ಕಾರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನಾವು ಕೇಳಿದ್ದು ರಿಪೇರಿ ದುಡ್ಡು, ಬಡ್ಡಿ, ಟ್ಯಾಕ್ಸಿ ಖರ್ಚು, ಕೇಸಿನ ಖರ್ಚು ಅಷ್ಟೇ. ಶೋರೂಂ ಕಂಪನಿ ಇಬ್ಬರನ್ನೂ ಪಾರ್ಟಿ ಮಾಡಿದ್ವಿ, ಒಬ್ಬರನ್ನೇ ಮಾಡಿದ್ರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ಕಂಪನಿ ಹಾಕಿದ ತಕರಾರಲ್ಲಿ ಮತ್ತೆ ಸರ್ವೀಸ್ ಲೇಟು, ನೀರು, ಎಲ್ಲಾ ಬಂತು. ನಮ್ಮ ವಕೀಲರು ಆ ನಾಲ್ಕು ಸಾಲಿನ ಇಮೇಲ್ ಎತ್ತಿ ತೋರಿಸಿದ್ರು, ತಿರಸ್ಕಾರ ಮಾಡಿದ ದಿನ ನೀವು ಬರೆದ ಕಾರಣ ಒಂದೇ, ಈಗ ಇವೆಲ್ಲಾ ಎಲ್ಲಿಂದ ಬಂತು? ಆಮೇಲೆ ಪೆನ್ಸಿಲ್ ಸಾಲಿನ ಫೋಟೋ, ಆರನೇ ಪುಟ, ಒಂಬತ್ತನೇ ಪುಟ. ಆಯೋಗದವರು ಎರಡೂ ಕಡೆ ಒಪ್ಪೋದಾದ್ರೆ ಮಧ್ಯಸ್ಥಿಕೆಗೆ ಹೋಗಿ ಅಂದ್ರು, ಹೋದ್ವಿ, ಎರಡು ಸಲ ಕೂತ್ವಿ. ಮೊದಲು 60,000 ಅಂದ್ರು, ಕೊನೆಗೆ 1,00,000ಕ್ಕೆ ನಿಂತ್ರು. ವಕೀಲರು, ಪೂರ್ತಿ ಬೇಕಂದ್ರೆ ಗೆದ್ರೂ ಅವರು ರಾಜ್ಯ ಆಯೋಗಕ್ಕೆ ಅಪೀಲು ಹೋಗ್ಬಹುದು, ಬೆಂಗಳೂರಿಗೆ ಓಡಾಡ್ಬೇಕು, ನೀವೇ ಯೋಚನೆ ಮಾಡಿ ಅಂದ್ರು. ಅಮ್ಮನ ಆರೋಗ್ಯ ಆಗ ಚೆನ್ನಾಗಿರಲಿಲ್ಲ. ಒಪ್ಕೊಂಡೆ. 28,760 ರೂಪಾಯಿ ಬಿಟ್ಟ ಹಾಗಾಯ್ತು, ವಕೀಲರ ಫೀಸ್ 15,000 ಬೇರೆ. ಸರಿ ಮಾಡಿದ್ನಾ ಅಂತ ಈಗಲೂ ಒಂದೊಂದು ದಿನ ಅನ್ಸುತ್ತೆ, ಆದ್ರೆ ಫೋನಲ್ಲಿ ಬರಲ್ಲ ಅಂದಾಗಲೇ ಬಿಟ್ಟಿದ್ರೆ ಆ ಒಂದು ಲಕ್ಷನೂ ಇರ್ತಿರಲಿಲ್ಲ.

ದುಡ್ಡು ಅಕೌಂಟಿಗೆ ಬಂದ ದಿನ ಮೇಸ್ತ್ರಿಗೆ ಹೇಳೋಕೆ ಗ್ಯಾರೇಜಿಗೆ ಹೋದೆ, ಕಾಫಿ ತರಿಸಿದ್ರು. ಗೋಣಿಚೀಲ ಇನ್ನೂ ಇದ್ಯಾ ಅಂತ ಕೇಳಿದ್ರು, ಇದೆ, ಕೇಸು ಮುಗೀತಲ್ಲ ಇನ್ನು ಗುಜರಿಗೆ ಹಾಕ್ತೀನಿ ಅಂದೆ. "ಬೇಡ ಮೇಷ್ಟ್ರೇ, ಆ ಸೀಲ್ ನಂಗೆ ಕೊಡಿ, ಹುಡುಗರಿಗೆ ತೋರಿಸ್ಬೇಕು" ಅಂದ್ರು. ಮಾರನೇ ದಿನ ಸ್ಕೂಲಿಗೆ ಹೋಗೋವಾಗ ಕೊಟ್ಟು ಹೋದೆ. ಈಗ ಅವರ ಟೂಲ್ ಬೋರ್ಡಿನ ಪಕ್ಕ ಒಂದು ಮೊಳೆಗೆ ತೂಗಿಹಾಕಿದಾರೆ, ಹೊಸದಾಗಿ ಕೆಲಸ ಕಲಿಯೋಕೆ ಬಂದಿರೋ ಹುಡುಗನಿಗೆ ಮೊನ್ನೆ ನನ್ನ ಎದುರೇ ಅದನ್ನ ಕೈಗೆ ಕೊಟ್ಟು, ಎಲ್ಲಿ ಹರಿದಿದೆ ಹುಡುಕು ನೋಡೋಣ ಅಂತಿದ್ರು.